ಲೆಕ್ಕಕ್ಕೆ ಸಿಗದ ನಾನೂರು ವ್ಯಾಟ್

ಕರೆಂಟಿಗೆ ಹೆದರುವ ವೈರ್‌ಮನ್ ಒಬ್ಬರಿದ್ದರು ಅಂದರೆ ಕೇಳಿದವರು ನಗುತ್ತಾರೆ. ನಾವೂ ಎಷ್ಟೋ ವರ್ಷ ನಕ್ಕಿದ್ದೇವೆ. ಯಸಳೂರು ಸುತ್ತಿನ ಹಳ್ಳಿಗಳಲ್ಲಿ ಅವರಿಗೆ ‘ಪುಕ್ಲ ವೈರ್‌ಮನ್’ ಎಂದೇ ಹೆಸರು. ಬಸ್ಸಿನವರೂ ಹಾಗೇ ಕೂಗುತ್ತಿದ್ದರು, ಅವರೂ ಬೇಸರವಿಲ್ಲದೆ ಓಗೊಡುತ್ತಿದ್ದರು. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು ಆನೇಮಹಲ್ ಕಡೆ ಈಗಲೂ ಇದ್ದಾರೆ. ಜೊತೆಗೆ ನಮ್ಮ ಮನೆಯ ಮರ್ಯಾದೆಯೂ ಒಂದಿದೆಯಲ್ಲ!

ತೆಳ್ಳಗೆ, ಉದ್ದಕ್ಕೆ, ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿದ ಆಳು. ಹೆಗಲಿಗೊಂದು ಖಾಕಿ ಚೀಲ. ಅದರಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರು, ಬಡಗಿಗಳು ಕಿವಿಗೆ ಸಿಕ್ಕಿಸಿಕೊಳ್ಳುವಂಥ ಪೆನ್ಸಿಲ್ಲು, ಮಡಚಿಟ್ಟ ಒಂದು ಒಣ ಗೋಣಿಚೀಲ. ಯಾರ ಮನೆಗೆ ಹೋದರೂ ಮೊದಲು ಗೋಣಿಚೀಲ ಹಾಸಿ, ಕಾಲು ಒರೆಸಿಕೊಂಡು ಅದರ ಮೇಲೆ ನಿಂತು, ಮೀಟರ್ ಬೋರ್ಡಿಗೆ ಕೈಮುಗಿಯುತ್ತಿದ್ದರು. ಆಮೇಲೇ ಮೇನ್ ಸ್ವಿಚ್ಚಿಗೆ ಕೈ. ಅದೂ ಬಲಗೈ ಮಾತ್ರ. ಎಡಗೈ ಪ್ಯಾಂಟಿನ ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ.

“ಯಾಕ್ರೀ, ಎಡಗೈಗೆ ರಜಾನಾ?” ಎಂದು ಯಾರಾದರೂ ಚುಡಾಯಿಸಿದರೆ, “ಎಡಗೈ ಎದೆಗೆ ಹತ್ರ ಕಣ್ರೀ. ಅದು ಅಲ್ಲೇ ಬೆಚ್ಚಗಿರ್ಲಿ ಬುಡಿ,” ಅನ್ನುವರು. ನಗುತ್ತಲೂ ಇರಲಿಲ್ಲ.

ಒಂದು ಮನೆಯ ದೀಪಗಳಿಗೆಲ್ಲ ಸೇರಿ ಎಷ್ಟು ಕರೆಂಟು ಬೇಕು ಎಂದು ಲೋಡ್ ಲೆಕ್ಕ ಬರೆಯುವುದು ಬೇರೆ ವೈರ್‌ಮನ್‌ಗಳಿಗೆ ಐದು ನಿಮಿಷದ ಕೆಲಸ. ಜಗಲಿಯ ಮೇಲೆ ಕೂತು, “ಎಷ್ಟು ಬಲ್ಬ್?” ಎಂದು ಕೇಳಿ, ಅದನ್ನು ನಲವತ್ತರಿಂದ ಗುಣಿಸಿ, ಕಾಫಿ ಕುಡಿದು ಎದ್ದುಬಿಡುತ್ತಿದ್ದರು. ಇವರು ಹಾಗಲ್ಲ. ಕೋಣೆ ಕೋಣೆಗೆ ಹೋಗಿ, ಸ್ಟೂಲು ಹತ್ತಿ, ಬಲ್ಬಿನ ನೆತ್ತಿಯ ಮೇಲೆ ಬರೆದ ವ್ಯಾಟನ್ನು ಕಣ್ಣು ಕಿರಿದು ಮಾಡಿ ಓದಿ, ಬಾಗಿಲ ಹಿಂದಿನ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುವರು. ಟ್ಯೂಬ್‌ಲೈಟಿಗೆ ಎಲ್ಲರೂ ನಲವತ್ತು ಬರೆದರೆ ಇವರು ಐವತ್ತೈದು ಬರೆಯುವರು. “ಚೋಕ್ ಏನು ಗಾಳಿ ಕುಡ್ಕಂಡು ಬದುಕ್ತದಾ?” ಎಂದು ಕೇಳುವರು. ಕೂಡಿಸಿದ ಮೇಲೆ ಮೇಲಿನ ನೂರಕ್ಕೆ ಏರಿಸುವರೇ ಹೊರತು ಇಳಿಸಿದ್ದನ್ನು ಯಾರೂ ಕಂಡಿಲ್ಲ. “ಕಮ್ಮಿ ಬರೆದ್ರೆ ಮನೆಯೋರು ಖುಷಿಯಾಗ್ತಾರೆ. ವೈರು ಖುಷಿಯಾಗಲ್ಲ,” ಎನ್ನುವುದು ಅವರ ಮಾತು.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ತಾವೇ ಕೂಡಿಸಿದ ಲೆಕ್ಕದ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಮನೆಯ ದೀಪಗಳನ್ನೆಲ್ಲ ಹಗಲಿನಲ್ಲೇ ಹಾಕಿಸಿ, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಮೀಟರಿನ ಮುಂದೆ ನಿಲ್ಲುವರು. ಆಗಿನ ಮೀಟರುಗಳಲ್ಲಿ ಗಾಜಿನೊಳಗೆ ಅಲ್ಯೂಮಿನಿಯಮ್ಮಿನ ಚಕ್ರವೊಂದು ತಿರುಗುತ್ತಿತ್ತು, ಅದರ ಅಂಚಿಗೆ ಒಂದು ಕಪ್ಪು ಗುರುತು. ಗುರುತು ನಿಮಿಷಕ್ಕೆ ಎಷ್ಟು ಸಲ ಬಂದು ಹೋಗುತ್ತದೆ ಎಂದು ಎಣಿಸಿದರೆ ಮನೆಯಲ್ಲಿ ಎಷ್ಟು ಕರೆಂಟು ಉರಿಯುತ್ತಿದೆ ಎಂದು ಗೊತ್ತಾಗುತ್ತದಂತೆ. ನಮ್ಮ ಮೀಟರಿನ ಲೆಕ್ಕದಲ್ಲಿ ನಾನೂರು ವ್ಯಾಟಿಗೆ ಎಂಟು ಸುತ್ತು. ತುಟಿ ಅಲ್ಲಾಡಿಸುತ್ತಾ ಎಣಿಸುವ ಅವರನ್ನು ನೋಡಿದರೆ ಜಪಕ್ಕೆ ನಿಂತವರೇ ಸರಿ.

ಒಂದು ಎಸ್ಟೇಟ್ ಬಂಗಲೆಯಲ್ಲಿ ಮದುವೆ. ಅಂಗಳದ ಚಪ್ಪರಕ್ಕೆ, ಮರಗಳಿಗೆ, ಗೇಟಿಗೆಲ್ಲ ಸೀರಿಯಲ್ ಸೆಟ್ ಹಾಕಿಸಬೇಕೆಂದು ಸಾಹುಕಾರರು ಇವರನ್ನು ಕರೆಸಿದರು. ಇವರು ಒಂದು ಬೆಳಿಗ್ಗೆಯೆಲ್ಲ ಎಣಿಸಿ, “ಆಗಲ್ಲ ಸಾಮಿ, ಒಂದು ಸರ್ಕ್ಯೂಟಿಗೆ ಎಂಟುನೂರರ ಮೇಲೆ ಹೋಗಬಾರದು. ಇದು ಮೂರು ಸಾವಿರ ಆಗ್ತೈತೆ, ಬೇರೆ ಲೈನ್ ಎಳೀಬೇಕು,” ಅಂದರು. ಸಾಹುಕಾರರಿಗೆ ಸಿಟ್ಟು ಬಂತು. “ನಿಂಗೆ ಹೆದ್ರಿಕೆ ಆದ್ರೆ ಹೇಳು, ಬೇರೆಯವರನ್ನ ಕರೆಸ್ತೀನಿ.” ಇವರು ಗೋಣಿಚೀಲ ಮಡಚುತ್ತಾ, “ಕರೆಸಿ ಸಾಮಿ. ಬರೋರಿಗೂ ಹೆದ್ರಿಕೆ ಐತಾ ಅಂತ ಮೊದ್ಲು ಕೇಳ್ಬುಡಿ,” ಎಂದು ಹೇಳಿ ಬಸ್ ಸ್ಟಾಪಿಗೆ ನಡೆದರು. ಆ ಮಾತು ಊರೂರು ತಿರುಗಿ, ನಮ್ಮ ಮನೆಯಲ್ಲೂ ಒಂದು ವಾರ ನಗೆಗೆ ಸಾಮಾನಾಗಿತ್ತು.

ಅವರು ಯಾಕೆ ಅಷ್ಟು ಹೆದರುತ್ತಿದ್ದರು ಎಂಬುದಕ್ಕೆ ಊರಲ್ಲಿ ನಾಲ್ಕಾರು ಕತೆಗಳಿದ್ದವು. ಕಂಬದ ಮೇಲೆ ಜೊತೆಗಾರನೊಬ್ಬ ಹೋದನಂತೆ, ಇವರೇ ಒಮ್ಮೆ ಸತ್ತು ಬದುಕಿದರಂತೆ. ನಾನು ಕೇಳಲಿಲ್ಲ. ಹೆದರಿಕೆಗೆ ಕಾರಣ ಕೇಳುವಷ್ಟು ಧೈರ್ಯ ನನಗೆಲ್ಲಿತ್ತು? ನಾನೇ ಆಗ ಹೆದರಿ ಹೆದರಿ ಬದುಕುತ್ತಿದ್ದೆ.

ನನ್ನ ತವರು ಆಲೂರಿನ ಹತ್ತಿರ. ಪಿಯುಸಿಯಲ್ಲಿ ಸೈನ್ಸ್ ಓದಿ, ಪಾಸಾಗಿ, ಅದರಿಂದ ಯಾವ ಉಪಯೋಗವೂ ಆಗದೆ ಯಸಳೂರಿನ ಆಚೆಗಿನ ಈ ಮನೆಗೆ ಸೊಸೆಯಾಗಿ ಬಂದೆ. ನಮ್ಮವರು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಸ್ವಂತದ್ದೆಂದು ಎರಡು ಎಕರೆ ಕಾಫಿ. ಮನೆಯಲ್ಲಿ ಅತ್ತೆಯದೇ ಮಾತು. ತೊಂಬತ್ತರ ದಶಕ ಅರ್ಧ ದಾಟಿತ್ತು. ಆ ವರ್ಷ ಆಷಾಢದಲ್ಲಿ, ತವರಿಗೆ ಹೋಗುವ ಮೊದಲೇ, ತಿಂಗಳು ತುಂಬುವ ಮೊದಲೇ ನನಗೆ ಹೆರಿಗೆಯಾಯಿತು. ಸಕಲೇಶಪುರದ ಆಸ್ಪತ್ರೆಯಲ್ಲಿ ತೂಗಿದಾಗ ಮಗಳು ಒಂದು ಮುಕ್ಕಾಲು ಕೆಜಿ. ನರ್ಸು ನನ್ನ ಕೈಗೆ ಕೊಟ್ಟಾಗ ಬಟ್ಟೆಯ ಗಂಟಿನೊಳಗೆ ಮಗು ಇದೆಯೋ ಇಲ್ಲವೋ ಎಂದು ನಾನು ಮುಟ್ಟಿ ನೋಡಿದ್ದೆ.

“ಬೆಚ್ಚಗೆ ಇಟ್ಕೊಳ್ಳಿ. ತಣ್ಣಗಾಗೋಕೆ ಬಿಟ್ರೆ ಉಳಿಯೋದು ಕಷ್ಟ,” ಅಂದರು ಡಾಕ್ಟರು. ಅಲ್ಲಿ ಇಂಥ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ದೊಡ್ಡ ಬಲ್ಬ್ ಉರಿಸುತ್ತಿದ್ದರು. ಅತ್ತೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಅತ್ತೆಗೆ ನಮ್ಮವರಿಗಿಂತ ಮೊದಲು ಎರಡು ಮಕ್ಕಳು ಹುಟ್ಟಿ, ಎರಡೂ ಆಷಾಢದ ಮಳೆಯಲ್ಲೇ ಹೋಗಿದ್ದವು. “ಬೆಳಿಗ್ಗೆ ಎದ್ದು ಮುಟ್ತೀನಿ, ತಣ್ಣಗೆ. ಕಲ್ಲು ಮುಟ್ದಂಗೆ,” ಎಂದು ನನಗೆ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ಹೇಳಿದಾಗಲೆಲ್ಲ ನನ್ನ ಕೈ ತಾನಾಗಿ ಮಗುವಿನ ಪಾದಕ್ಕೆ ಹೋಗುತ್ತಿತ್ತು.

ಮನೆಗೆ ಬಂದ ದಿನವೇ ಬಾಣಂತಿ ಕೋಣೆಯಲ್ಲಿ ಎರಡು ಇನ್ನೂರು ವ್ಯಾಟಿನ ಬಲ್ಬ್ ಬಂದವು. ಎಸ್ಟೇಟಿನ ಸ್ಟೋರಿನಲ್ಲಿದ್ದ ಅತ್ತೆಯ ಅಣ್ಣನ ಮಗ, ನಾನು ಕೋಣೆಗೆ ಕಾಲಿಡುವ ಮೊದಲೇ ಬಂದು, ಗೋಡೆಯ ಹಳೆಯ ಬಲ್ಬಿನಿಂದ ವೈರು ಎಳೆದು ಕಟ್ಟಿಕೊಟ್ಟು ಹೋದ. ಒಂದು ಬಲ್ಬ್ ಅಟ್ಟದ ತೊಲೆಯಿಂದ ಇಳಿದು ತೊಟ್ಟಿಲ ಮೇಲೆ ಒಂದು ಮೊಳ ಎತ್ತರದಲ್ಲಿ. ಇನ್ನೊಂದು ಮೂಲೆಯಲ್ಲಿ ಬೋರಲು ಹಾಕಿದ ಬಿದಿರಿನ ಕುಕ್ಕೆಯೊಳಗೆ. ನಮ್ಮ ಕಡೆ ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗಿಸುವುದೇ ಹಾಗೆ. ಕುಕ್ಕೆಯ ಕೆಳಗೆ ಕೆಂಡ, ಮೇಲೆ ಬಟ್ಟೆ. ಹೊಗೆ ಮಗುವಿಗೆ ಆಗುವುದಿಲ್ಲವೆಂದು ಅತ್ತೆ ಕೆಂಡದ ಬದಲು ಬಲ್ಬ್ ಇಟ್ಟಿದ್ದರು. ಹಗಲೂ ರಾತ್ರಿ ಎರಡೂ ಉರಿಯುತ್ತಿದ್ದವು. ಕೋಣೆ ಬೆಚ್ಚಗಿತ್ತು, ಬಟ್ಟೆ ಗರಿಗರಿ ಒಣಗುತ್ತಿತ್ತು, ಮಗಳ ಪಾದ ತಣ್ಣಗಾಗಲಿಲ್ಲ. ಅತ್ತೆಯ ಬುದ್ಧಿಯನ್ನು ನಾನೂ ಮನಸಾರೆ ಹೊಗಳಿದೆ.

ವೈರ್‌ಮನ್ ಬಂದದ್ದು ಮಗು ಹುಟ್ಟಿದ ಒಂಬತ್ತನೆಯ ದಿನ. ಊರಿನ ಟ್ರಾನ್ಸ್‌ಫಾರ್ಮರು ಮೇಲಿಂದ ಮೇಲೆ ಕೆಡುತ್ತಿತ್ತು, ಮನೆಮನೆಯ ದೀಪದ ಲೋಡ್ ಎಷ್ಟೆಂದು ಬರೆಸಿ ಕೊಡಿ ಎಂದು ಆಫೀಸಿನವರು ಕೇಳಿದ್ದರು. ಊರವರು ಸೇರಿ ಇವರನ್ನೇ ಕರೆಸಿದ್ದರು. ನಮ್ಮವರು ಎಸ್ಟೇಟಿಗೆ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ, ಮಗು ಮೂರೇ ಜನ. ಹೊತ್ತು ನೆತ್ತಿಗೆ ಬಂದಿದ್ದರೂ ಮಳೆಯ ಕತ್ತಲು.

ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಎಲ್ಲ ಮುಗಿಸಿ ಅವರು ನನ್ನ ಕೋಣೆಯ ಬಾಗಿಲ ಹೊರಗೆ ಬಂದು ನಿಂತರು. ಹನ್ನೊಂದು ದಿನ ಕಳೆದು ಪುರುಡಿನ ಮೈಲಿಗೆ ಹೋಗುವವರೆಗೆ ಬಾಣಂತಿ ಕೋಣೆಗೆ ಗಂಡಸರು ಕಾಲಿಡುವ ಹಾಗಿಲ್ಲ. ನಮ್ಮವರೇ ನಡುಮನೆಯಲ್ಲಿ ಮಲಗುತ್ತಿದ್ದರು. ಬಾಗಿಲು ಮುಂದೆ ಮಾಡಿತ್ತು. ಅತ್ತೆ ಒಳಗೆ ನನ್ನ ಕಾಲ ಬುಡದಲ್ಲಿ ಕೂತಿದ್ದರು.

“ಒಳಗೆ ಎಷ್ಟು ಬಲ್ಬ್ ಐತೆ ಅಮ್ಮಾವ್ರೆ?”

“ಒಂದೇ ಒಂದು ಕಣಪ್ಪ. ಬಾಣಂತಿಗೆ ಎಷ್ಟು ಬೇಕು?”

“ಎಷ್ಟು ವ್ಯಾಟಿಂದು?”

“ನಂಗೇನು ಗೊತ್ತು ಮಾರಾಯ. ಸಣ್ಣದು.”

ಅವರು, “ತಾಯಿ, ನೀವು ಓದಿದೋರು. ನೀವು ಹೇಳಿ, ನಲವತ್ತಾ, ಅರವತ್ತಾ?” ಎಂದು ನನ್ನನ್ನೇ ಕೇಳಿದರು.

ಅತ್ತೆ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಎಳೆ ಮಗುವಿಗೆ ಏನೇನು ಮಾಡಿ ಉಳಿಸಿಕೊಂಡಿದ್ದೇವೆ ಎಂದು ಹೊರಗಿನವರಿಗೆ ಹೇಳಬಾರದು, ಹೇಳಿದರೆ ಕಣ್ಣು ಬೀಳುತ್ತದೆ ಎನ್ನುವುದು ಅವರ ನಂಬಿಕೆ. ನನಗೆ ಬೇರೆಯದೇ ಭಯ. ಗೊತ್ತಾದರೆ ಈ ಮನುಷ್ಯ ಬಿಡುವುದಿಲ್ಲ, ಬಲ್ಬ್ ತೆಗೆಸುತ್ತಾರೆ. ತೆಗೆಸಿದರೆ ಮಗಳು ತಣ್ಣಗಾಗುತ್ತಾಳೆ. ಕಲ್ಲು ಮುಟ್ಟಿದ ಹಾಗೆ.

“ನಲವತ್ತು,” ಅಂದೆ.

ಗೋಡೆಯ ಹಳೆಯ ಬಲ್ಬ್ ನಲವತ್ತರದ್ದೇ ಆಗಿತ್ತು. ಅರ್ಧ ಸತ್ಯ ಹೇಳಿದೆ ಎಂದು ಆ ಗಳಿಗೆಯಲ್ಲಿ ಸಮಾಧಾನವನ್ನೂ ಮಾಡಿಕೊಂಡೆ, ಪಾಪಿ.

ಅವರು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಕೂಡಿಸುವುದು ಕೇಳಿಸಿತು. ಅಂಗಳದ್ದು ನೂರು, ಜಗಲಿ ಅರವತ್ತು, ಟ್ಯೂಬು ಐವತ್ತೈದು, ಅಡುಗೆಮನೆ ಅರವತ್ತು, ಬಚ್ಚಲು ನಲವತ್ತು, ಕೊಟ್ಟಿಗೆ ಇಪ್ಪತ್ತೈದು, ದೇವರ ಕೋಣೆ ಹದಿನೈದು, ಬಾಣಂತಿ ಕೋಣೆ ನಲವತ್ತು. “ಮುನ್ನೂರ ತೊಂಬತ್ತೈದು. ನಾನೂರು ಅಂತಿಟ್ಕಳಾನ.” ಎಲ್ಲ ದೀಪ ಹಾಕಿಸಿ ಮೀಟರಿನ ಮುಂದೆ ನಿಂತರು. ಎಂಟು ಸುತ್ತು ಎಣಿಸಿ ಹೊರಟುಬಿಡುತ್ತಾರೆ ಎಂದು ನಾನು ಕಾದೆ.

ಎಂಟಕ್ಕೆ ನಿಲ್ಲಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ದನಿ ಸಣ್ಣದಾಗುತ್ತಾ ಹೋಯಿತು. ಹದಿನಾರು ಅಂದಾಗ ದನಿಯೇ ಇರಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದರು. ಮತ್ತೆ ಹದಿನಾರು.

“ಅಮ್ಮಾವ್ರೆ, ಈಚೆಗೆ ಬನ್ನಿ,” ಎಂದು ಕರೆದರು. ಅತ್ತೆ ಹೋದರು. “ಇನ್ನೊಂದು ನಾನೂರು ವ್ಯಾಟ್ ಎಲ್ಲೋ ಹೋಗ್ತಾ ಐತೆ. ನನ್ನ ಲೆಕ್ಕದಲ್ಲಿ ಇಲ್ಲ. ಎಲ್ಲಿಗೆ ಹೋಗ್ತೈತೆ? ಗೋಡೆ ಪೂರಾ ನೆಂದೈತೆ. ಗೋಡೆಗೆ ಇಳೀತಾ ಐತೋ ಏನೋ. ಯಾರೂ ಗೋಡೆ ಮುಟ್ಬ್ಯಾಡಿ. ಬಾಣಂತಿಗೆ ಹೇಳಿ, ಗೋಡೆಗೆ ಒರಗಬ್ಯಾಡಿ ಅನ್ನಿ. ನಾನು ಮೇನ್ ತೆಗೀತೀನಿ.”

“ತೆಗೆದ್ರೆ ನನ್ನ ಹೆಣ ಬೀಳ್ತದೆ ನೋಡು,” ಅಂದರು ಅತ್ತೆ. “ನೀನು ಪುಕ್ಲ ಅಂತ ಊರಿಗೇ ಗೊತ್ತು. ನಿನ್ನ ಪುಕ್ಲುತನಕ್ಕೆ ನಮ್ಮನೆ ದೀಪ ಆರಿಸ್ತೀಯಾ? ಒಳಗೆ ಎಳೆ ಮಗು ಐತೆ.”

ನನ್ನ ಮಂಚ ಗೋಡೆಗೆ ತಾಗಿತ್ತು. ಬೆನ್ನು ಗೋಡೆಯ ಮೇಲಿತ್ತು. ಗೋಡೆಯಲ್ಲಿ ಏನೂ ಇಲ್ಲ, ಆ ನಾನೂರು ವ್ಯಾಟ್ ನನ್ನ ಕಣ್ಣೆದುರೇ ಉರಿಯುತ್ತಿದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಗೋಡೆಯಿಂದ ಬೆನ್ನು ಕಿತ್ತುಕೊಂಡೆ. ಅಷ್ಟು ಭಯ ಆ ದನಿಯಲ್ಲಿತ್ತು. ಬಾಯಿ ಬಿಟ್ಟು ಹೇಳಿಬಿಡು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ನಾಲಿಗೆ ಏಳಲಿಲ್ಲ.

ಅವರು ಮೇನ್ ಮುಟ್ಟಲಿಲ್ಲ. ಒಂದೊಂದೇ ಕೋಣೆಯ ದೀಪ ಆರಿಸುತ್ತಾ ಬಂದು ಮತ್ತೆ ಮೀಟರಿನ ಮುಂದೆ ಹೋಗಿ ನಿಲ್ಲುವರು. ಕೊನೆಗೆ ಇಡೀ ಮನೆ ಕತ್ತಲಾಗಿ ನನ್ನ ಕೋಣೆಯೊಂದೇ ಉಳಿಯಿತು. ನಲವತ್ತು ವ್ಯಾಟಿಗೆ ನಿಮಿಷಕ್ಕೆ ಒಂದು ಸುತ್ತೂ ಪೂರ್ತಿ ಬರಬಾರದು. ಒಂಬತ್ತು ಸುತ್ತು ಬಂತು.

ಅತ್ತೆ ಗೊಣಗುತ್ತಾ, ಪಕ್ಕದ ಮನೆಯವರನ್ನು ಕರೆದು ಈ ಹುಚ್ಚನನ್ನು ಕಳಿಸುತ್ತೇನೆ ಎಂದು ಹಿತ್ತಲಿಗೆ ನಡೆದರು. ಅವರ ಹೆಜ್ಜೆ ದೂರವಾದ ಮೇಲೆ ಬಾಗಿಲ ಹೊರಗೆ ದನಿ ಕೇಳಿಸಿತು. ಬೈಗುಳಕ್ಕೆ ಕಾದಿದ್ದೆ. ಅವರು ಬೈಯಲಿಲ್ಲ.

“ತಾಯಿ, ನಾನು ಯಾರಿಗೂ ಹೇಳಲ್ಲ, ನನ್ನ ಮಕ್ಕಳಾಣೆ. ಗೋಡೇಲಿ ಐತೋ, ಬಲ್ಬಲ್ಲಿ ಐತೋ, ಅಷ್ಟೊಂದು ಹೇಳ್ಬುಡಿ. ನಂಗೆ ಕೈಕಾಲು ನಡುಗ್ತಾ ಐತೆ.”

ಗಂಡಸೊಬ್ಬ ತನಗೆ ಕೈಕಾಲು ನಡುಗುತ್ತಿದೆ ಎಂದು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದನ್ನು ಕೇಳಿ ನನ್ನ ನಾಲಿಗೆ ಬಂತು.

“ಬಲ್ಬಲ್ಲಿ. ಇನ್ನೂರರದ್ದು ಎರಡು.”

“ಮಗೀನ ಹತ್ರ ಐತಾ?”

“ತೊಟ್ಟಿಲ ಮೇಲೆ ಒಂದು. ಒಂದು ಮೊಳ ಎತ್ತರ.”

“ಏನಾದ್ರೂ ವಾಸ್ನೆ ಬರ್ತಾ ಐತಾ?”

“ಇಲ್ಲ. ಮೀನಿನ ವಾಸ್ನೆ ಅಷ್ಟೇ. ಪಕ್ಕದ ಲೈನ್ ಮನೆಯಲ್ಲಿ ಒಣಮೀನು ಸುಡ್ತಿದ್ದಾರೆ, ಎರಡು ದಿನದಿಂದ.”

ಆಷಾಢದಲ್ಲಿ ಒಣಮೀನು ಸುಡದ ಮನೆ ನಮ್ಮ ಕಡೆ ಯಾವುದಿದೆ? ಅತ್ತೆಯೂ ನಾನೂ ಆ ವಾಸನೆಗೆ ಮೂಗು ಮುಚ್ಚಿಕೊಂಡು, ಲೈನಿನ ಎಸ್ಟೇಟ್ ಆಳುಗಳನ್ನು ಬೈದುಕೊಂಡು ಎರಡು ದಿನ ಕಳೆದಿದ್ದೆವು.

“ಮೀನಲ್ಲ ತಾಯಿ ಅದು,” ಅಂದರು. “ಹೋಲ್ಡರ್ ಸುಡ್ತಾ ಐತೆ. ಮಗೀನ್ನ ಎತ್ಕಳಿ. ಈಗ್ಲೇ ಎತ್ಕಳಿ.”

ತೊಟ್ಟಿಲು ನನ್ನಿಂದ ಎರಡು ಹೆಜ್ಜೆ. ನಾನು ಏಳಲಿಲ್ಲ. ಎದ್ದೆ ಎಂದು ಸುಳ್ಳು ಬರೆಯಬಹುದಿತ್ತು, ನೋಡಿದವರು ಯಾರೂ ಇಲ್ಲ. ಹೆತ್ತ ತಾಯಿ ನಾನು, ಹೊಲಿಗೆ ಹಾಕಿದ ಮೈಯೆಂದು ನೆಪ ಹೇಳಬಹುದು. ನಿಜ ಏನೆಂದರೆ ಹೆದರಿಕೆಗೆ ಕಾಲು ಸತ್ತುಹೋಗಿತ್ತು. ತಲೆಯೆತ್ತಿ ಹೋಲ್ಡರನ್ನು ನೋಡಿದೆ. ಕಂದು ಬಣ್ಣದ್ದು ಕಪ್ಪಗಾಗಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಅದರ ಕೆಳಗೆ ನನ್ನ ಮಗಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಮೇನ್ ಬಿದ್ದ ಶಬ್ದ ಕೇಳಿಸಿತು. ದೀಪಗಳು ಆರಿದವು. ಬಾಗಿಲು ತೆರೆದು ಅವರು ಒಳಗೆ ಬಂದೇಬಿಟ್ಟರು. ಕಿಟಕಿಯ ಮಂಕು ಬೆಳಕಿನಲ್ಲಿ ಅವರ ಮುಖ ನೋಡಿದೆ. ಅಷ್ಟು ಹೆದರಿದ ಮುಖವನ್ನು ನಾನು ಮತ್ತೆಂದೂ ಕಂಡಿಲ್ಲ. ಮಗುವನ್ನು ಎತ್ತಲು ಬಗ್ಗಿದವರ ಹೆಗಲು ವೈರಿಗೆ ತಾಗಿತು ಅಷ್ಟೇ, ಹೋಲ್ಡರು ರಸ್ಕಿನ ಹಾಗೆ ಪುಡಿಯಾಗಿ ಉದುರಿತು. ಬಲ್ಬ್ ಕಳಚಿತು. ಅವರು ಕೈಯೊಡ್ಡಿ ಹಿಡಿದರು, ಎಡಗೈಯಲ್ಲಿ.

ಹಗಲೂ ರಾತ್ರಿ ಉರಿಯುತ್ತಿದ್ದ ಇನ್ನೂರು ವ್ಯಾಟಿನ ಬಲ್ಬ್. ಕಾದ ಹಂಚನ್ನು ಹಿಡಿದ ಹಾಗೆ. ಚರ್ಮದ ಸದ್ದು ನನಗೆ ಕೇಳಿಸಿತು. ಅವರು ಬಿಡಲಿಲ್ಲ. ಬಿಟ್ಟರೆ ಕೆಳಗೆ ಮಗುವಿನ ಮುಖ. ಹಲ್ಲು ಕಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು, ಬಲ್ಬನ್ನು ನೆಲದ ಮೇಲಿನ ಕಂಬಳಿಗೆ ಇಳಿಸಿ, ಆಮೇಲೆ “ಅಯ್ಯಮ್ಮಾ” ಅಂದರು. ಮೂಲೆಯ ಕುಕ್ಕೆಯ ಮೇಲಿನ ಬಟ್ಟೆ ಎತ್ತಿ ನೋಡಿದರೆ ನಡುವೆ ಅಂಗೈ ಅಗಲ ಕಂದು ಬಣ್ಣಕ್ಕೆ ತಿರುಗಿ ಹೊಗೆಯಾಡುತ್ತಿತ್ತು.

ಅಷ್ಟರಲ್ಲಿ ಅತ್ತೆ ಬಂದರು. ಅವರು ಕಂಡದ್ದು ಇಷ್ಟೇ: ಮನೆ ಕತ್ತಲು, ಪುರುಡಿನ ಕೋಣೆಯೊಳಗೆ ಪರ ಗಂಡಸು, ತೊಟ್ಟಿಲ ಮೇಲೆ ಬಲ್ಬ್ ಇಲ್ಲ. ಅವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೊನೆಗೆ, “ಒಳಗೆ ಇದ್ದದ್ದು ನಿಂಗೆ ಯಾರು ಹೇಳಿದ್ರು?” ಎಂದು ಅವರನ್ನು ಕೇಳಿ ನನ್ನ ಕಡೆ ತಿರುಗಿದರು.



“ಯಾರೂ ಹೇಳ್ಲಿಲ್ಲ ಅಮ್ಮಾವ್ರೆ. ಚಕ್ರ ಎಣಿಸ್ದೆ, ಗೊತ್ತಾಯ್ತು,” ಅಂದರು ಅವರು, ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡು.

“ನನ್ನ ಮೊಮ್ಮಗು ತಣ್ಣಗಾದ್ರೆ ನಿನ್ನ ಸುಮ್ಕೆ ಬುಡಲ್ಲ.”

“ಬುಡಬ್ಯಾಡಿ,” ಎಂದು ಹೇಳಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಕೋಣೆ ನಿಮಿಷ ನಿಮಿಷಕ್ಕೂ ತಣ್ಣಗಾಗುತ್ತಿತ್ತು. ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ, ಬೇರೇನೂ ಇಲ್ಲದಿದ್ದರೆ ಮಗುವನ್ನು ಬರಿ ಎದೆಗೆ ಅಂಟಿಸಿಕೊಂಡು ಮೇಲೆ ಕಂಬಳಿ ಹೊದ್ದುಕೋ ಅಂದಿದ್ದರು. ಅತ್ತೆ ಆಗ ನಕ್ಕಿದ್ದರು, ನನಗೂ ನಾಚಿಕೆಯಾಗಿತ್ತು. ಈಗ ಅತ್ತೆಯ ಎದುರಿಗೇ ರವಿಕೆ ಬಿಚ್ಚಿ ಮಗಳನ್ನು ಎದೆಗೆ ಹಾಕಿಕೊಂಡೆ. ಅತ್ತೆ ಎರಡು ಕಂಬಳಿ ಹೊದಿಸಿದರು. ಮಗಳು ಹಾಲಿಗೆ ಬಾಯಿ ಇಡಲಿಲ್ಲ. ಪಾದ ಮುಟ್ಟಿ ನೋಡಿದರೆ ತಣ್ಣಗೆ. ಅತ್ತೆ ಮುಟ್ಟಿ ನೋಡಿ ಮುಖ ಆ ಕಡೆ ತಿರುಗಿಸಿದರು. ಒಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತಿತ್ತು.

ಮೂರರ ಬಸ್ಸು ಹಾರ್ನ್ ಮಾಡಿಕೊಂಡು ಹೋಯಿತು. ಅವರು ಏಳಲಿಲ್ಲ. ಐದರದ್ದೂ ಹೋಯಿತು, ಸಕಲೇಶಪುರಕ್ಕೆ ಅದೇ ಕೊನೆಯದು. ಜಗಲಿಯಲ್ಲಿ ಆಗಾಗ ಕೆಮ್ಮುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಮ್ಮ ಮನೆಯಿಂದ ಅವರಿಗೆ ಒಂದು ಲೋಟ ಕಾಫಿ ಹೋಗಲಿಲ್ಲ, ಸುಟ್ಟ ಕೈಗೆ ಒಂದು ಹನಿ ಎಣ್ಣೆ ಹೋಗಲಿಲ್ಲ. ಸುಟ್ಟಿದೆ ಎಂದು ಅತ್ತೆಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳು ನಾನು.

ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಎದೆಯ ಮೇಲೆ ಏನೋ ಅಲುಗಿತು. ಮಗಳು ತಲೆ ಆಡಿಸಿ, ಹುಡುಕಿ, ಬಾಯಿ ಹಾಕಿ ಎಳೆಯತೊಡಗಿದಳು. ನಾನು ಅಳುತ್ತಾ, ಯಾರಿಗೆಂದೂ ಹೇಳದೆ ಗಟ್ಟಿಯಾಗಿ, “ಕುಡೀತಾ ಐತೆ!” ಎಂದು ಕೂಗಿದೆ. ಓದಿದವಳ ಭಾಷೆಯೆಲ್ಲ ಮರೆತುಹೋಗಿತ್ತು.

ಜಗಲಿಯಲ್ಲಿ ಚೀಲ ಎತ್ತಿಕೊಳ್ಳುವ ಸದ್ದಾಯಿತು. “ಹಂಗಾದ್ರೆ ನಾನು ಬರ್ತೀನಿ ತಾಯಿ,” ಎಂದು ಹೇಳಿ ಮಳೆಯಲ್ಲಿ ಯಸಳೂರಿನ ಕಡೆ ನಡೆದುಕೊಂಡು ಹೋದರು. ದಾರಿಯಲ್ಲಿ ಸಿಕ್ಕಿದ ನಮ್ಮವರಿಗೂ ಹೋಲ್ಡರಿನ ಸಂಗತಿ ಬಿಟ್ಟು ಬೇರೇನೂ ಹೇಳಿರಲಿಲ್ಲ. ಆ ವಾರವೇ ನಮ್ಮವರು ಹಟ ಹಿಡಿದು ಮನೆಯ ವೈರಿಂಗ್ ಪೂರ್ತಿ ಬದಲಾಯಿಸಿದರು. ವೈರ್‌ಮನ್ ಅವರ ಕೈಗೆ ಬಟ್ಟೆ ಸುತ್ತಿತ್ತು, ಕೆಲಸಕ್ಕೆ ತಮ್ಮ ಬದಲು ಬೇರೆಯವರನ್ನು ಕಳಿಸಿದರು.

ಅತ್ತೆ ಮಾತ್ರ ಬಾಣಂತಿ ಕೋಣೆಗೆ ನುಗ್ಗಿದ ಗಂಡಸು ಎಂದು ಊರೆಲ್ಲ ಹೇಳಿಕೊಂಡು ಬಂದರು. ಹೆಂಗಸರಿರುವ ಮನೆಗೆ ಅವನನ್ನು ಕರೆಯಬೇಡಿ ಅಂದರು. ಎರಡು ಮೂರು ವರ್ಷ ನಮ್ಮ ಸುತ್ತಿನ ಯಾವ ಮನೆಯವರೂ ಅವರನ್ನು ಕರೆಯಲಿಲ್ಲ. ನಾನು ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದೆ. ನಡೆದದ್ದು ಹೀಗೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ, ಅವತ್ತು ಗುಟ್ಟು ಬಿಟ್ಟುಕೊಟ್ಟವಳು ನಾನೇ ಎಂದು ಗೊತ್ತಾಗುತ್ತಿತ್ತು. ಆ ಮನೆಯಲ್ಲಿ ನನಗೆ ಅಷ್ಟು ಹೆದರಿಕೆ.

ಸಕಲೇಶಪುರದ ಸಂತೆಯಲ್ಲಿ ಆಗಾಗ ಸಿಗುತ್ತಿದ್ದರು. ಹೇಗಿದ್ದೀರಿ ಎಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. “ಈಗ ಎಷ್ಟು ಕೆಜಿ ಐತೆ ಮಗು?” ಎಂದು ಕೇಳುವರು. ಒಂಬತ್ತು ಅಂದರೆ “ಹತ್ತು ಅಂತಿಟ್ಕಳಾನ,” ಅನ್ನುವರು. ಒಂದು ಸಲ ನಾನು ಧೈರ್ಯ ಮಾಡಿ, ತರಕಾರಿ ಚೀಲ ಕೆಳಗಿಟ್ಟು, “ಅವತ್ತು ನಾನು ಸುಳ್ಳು ಹೇಳಿದೆ. ಊರವರಿಗೂ ನಿಜ ಹೇಳಲಿಲ್ಲ. ನನ್ನಿಂದ ನಿಮ್ಮ ಅನ್ನಕ್ಕೆ ಕಲ್ಲು ಬಿತ್ತು,” ಅಂದೆ.

ಅವರು ನನ್ನನ್ನು ನೋಡದೆ ಸೊಪ್ಪಿನ ಕಟ್ಟು ತಿರುಗಿಸುತ್ತಾ, “ಹೆದ್ರಿದೋರು ಸುಳ್ಳು ಹೇಳ್ತಾರೆ ತಾಯಿ. ನಂಗೂ ಹೆದ್ರಿಕೆ ಆಗಿತ್ತು, ಅದಕ್ಕೇ ಎರಡು ಸಲ ಎಣಿಸ್ದೆ,” ಅಂದರು. “ಅದೆಲ್ಲ ಬುಡಿ. ಸ್ಕೂಲಿಗೆ ಹಾಕಿದ್ರಾ?”

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳ ಮೇಲೆ, ಮಗಳು ಐದನೇ ಕ್ಲಾಸಿನಲ್ಲಿದ್ದಾಗ, ಅವರು ಹೋದರು. ಕರೆಂಟಿನಿಂದಲ್ಲ. ಜ್ವರ ಬಂದು ಮಲಗಿದವರು ಏಳಲಿಲ್ಲ, ಅಷ್ಟೇ. ಬಸ್ಸಿನ ಕಂಡಕ್ಟರು ನಮ್ಮ ಸ್ಟಾಪಿನಲ್ಲಿ ಹೇಳಿ, ಪಕ್ಕದ ಮನೆಯಾಕೆ ಬಂದು ನಮಗೆ ಹೇಳಿದಳು. ಅತ್ತೆ ಜಗಲಿಯಲ್ಲಿ ಮೊರ ಹಿಡಿದು ಮೆಣಸು ಆರಿಸುತ್ತಿದ್ದರು. ಎಷ್ಟೋ ವರ್ಷದಿಂದ ಆ ಮನುಷ್ಯನ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಬೈಯುವುದನ್ನು ಯಾವಾಗ ನಿಲ್ಲಿಸಿದರೆಂದು ನನಗೆ ನೆನಪಿಲ್ಲ.

“ಯಾವಾಗ ಹೋದ?” ಅಂದರು.

“ಬೆಳಿಗ್ಗೆಯಂತೆ.”

ಅತ್ತೆ ಮೊರ ಕೆಳಗಿಟ್ಟರು. ಮಂಡಿನೋವಿನ ಕಾಲನ್ನು ನೀಡಿ, ಗೋಡೆ ಹಿಡಿದುಕೊಂಡು ಎದ್ದು ಬಚ್ಚಲಿಗೆ ಹೋದರು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಜಗಲಿಗೆ ಕೇಳಿಸಿತು. ಒಂದು ಚೊಂಬು, ಎರಡು ಚೊಂಬು, ಮೂರು. ಸತ್ತ ಸುದ್ದಿ ಕೇಳಿ ಹಾಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ರಕ್ತಸಂಬಂಧಿಕರು ಮಾತ್ರ. ಅವರು ನಮ್ಮ ಜಾತಿಯವರೂ ಅಲ್ಲ. ಪಕ್ಕದ ಮನೆಯಾಕೆ ಬಾಯಿ ತೆರೆದು ನಿಂತಳು.

“ಇದೇನು ದೊಡ್ಡಮ್ಮ? ಅವ್ರು ನಿಮಗೆ ಏನಾಗ್ಬೇಕು?”

ಅತ್ತೆ ನೀರಿಳಿಯುವ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡು, ಬಚ್ಚಲ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು.

“ಮಗು ಸ್ಕೂಲಿಂದ ಬಂದ ಕೂಡ್ಲೇ ಅವಳಿಗೂ ತಲೆ ಮೇಲೆ ಹಾಕ್ಬುಡು ಕಣೆ. ತಣ್ಣೀರು ಬ್ಯಾಡ. ಬಿಸಿನೀರು ಹಾಕು.”

ನಾನು ಹಂಡೆಗೆ ನೀರು ತುಂಬಿ ಒಲೆಗೆ ಸೌದೆ ಹಾಕಿದೆ.